ಮಾತಾಡುವ ಉಪಕರಣಗಳ ಕೋಣೆ

ಪಾಂಪೆ ಅಂದರೆ ಓದಿದವರಿಗೆಲ್ಲ ಗೊತ್ತು. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಬೆಂಕಿಬೆಟ್ಟ ಉಗುಳಿದ ಬೂದಿಯಡಿ ಹೂತುಹೋದ ರೋಮನ್ನರ ಊರು. ಅಲ್ಲಿನ ಸಿರಿವಂತರ ಮನೆ, ಗೋಡೆಚಿತ್ರ, ಅಮೃತಶಿಲೆಯ ಬೊಂಬೆ, ಇವನ್ನೇ ನಮಗೆ ಇತಿಹಾಸ ಅಂತ ತೋರಿಸಿದರು. ಆ ಮನೆಗಳ ಕಸ ಬಳಿದವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ನಾವು ಕೇಳುವುದು ಇದನ್ನ.

ಉತ್ತರ ನೆಲದೊಳಗೇ ಇತ್ತು. ಪಾಂಪೆಯ ಕೋಟೆಗೋಡೆಯಿಂದ ಸುಮಾರು 700 ಮೀಟರ್ ಆಚೆ, ಚಿವಿತಾ ಜೂಲಿಯಾನಾ ಎಂಬಲ್ಲಿ ಒಬ್ಬ ಧಣಿಯ ತೋಟದ ಬಂಗಲೆ. ಕಳ್ಳರು ಸುರಂಗ ಕೊರೆದು ದೋಚುತ್ತಿದ್ದ ಜಾಗ. 2017ರಲ್ಲಿ ಅಲ್ಲಿ ಉತ್ಖನನ ಶುರುವಾಯಿತು. 2018ರಲ್ಲಿ ಲಾಯದೊಳಗೆ ಜೀನು ಸಮೇತ ಕುದುರೆ ಸಿಕ್ಕಿತು. 2021ರ ಆರಂಭದಲ್ಲಿ ಕಂಚಿನ ಅಲಂಕಾರದ ನಾಲ್ಕು ಗಾಲಿಯ ಸಾರೋಟು ಸಿಕ್ಕಿತು. ಲೋಕವೇ ಬೆರಗಾಯಿತು. ಅದೇ ನವೆಂಬರಿನಲ್ಲಿ ಲಾಯದ ಹತ್ತಿರದ ಒಂದು ಕೋಣೆಯ ಸುದ್ದಿ ಬಂತು.

ಬರೀ 16 ಚದರ ಮೀಟರ್. ಮೇಲೆ ಒಂದು ಕಿಂಡಿ. ಹಗ್ಗ ಹೆಣೆದ ಮೂರು ಮಂಚ, ಹಾಸಿಗೆಯಿಲ್ಲ. ಎರಡರ ಉದ್ದ 1.70 ಮೀಟರ್, ಇನ್ನೊಂದು 1.40, ಬಹುಶಃ ಕೂಸಿನದು. ಮೂಲೆಗೆ ಎಂಟು ದೊಡ್ಡ ಮಣ್ಣಿನ ಕೊಡ. ಮಂಚಕ್ಕೆ ಒರಗಿಸಿದ ಗಾಡಿಯ ಮೂಕಿ. ಅಂದರೆ ಉಗ್ರಾಣವೂ ಅದೇ, ಮನೆಯೂ ಅದೇ. ಮರ, ಹಗ್ಗ ಕೊಳೆತು ಬೂದಿಯಲ್ಲಿ ಪೊಳ್ಳು ಮಾತ್ರ ಉಳಿದಿತ್ತು. ಆ ಪೊಳ್ಳಿಗೆ ಪ್ಲಾಸ್ಟರ್ ಎರೆದಾಗ ಮಂಚಗಳು ಎದ್ದು ಬಂದವು.

ವರ್ರೊ ಎಂಬ ರೋಮನ್ ಪಂಡಿತ ಕ್ರಿ.ಪೂ. 37ರಲ್ಲಿ ಬೇಸಾಯದ ಪುಸ್ತಕ ಬರೆದ. ಹೊಲದ ಸಲಕರಣೆಯಲ್ಲಿ ಮೂರು ಬಗೆ ಹೇಳಿದ: ಮೂಕ ಉಪಕರಣ ಗಾಡಿ, ಅರೆಮಾತಿನ ಉಪಕರಣ ಎತ್ತು, ಮಾತಾಡುವ ಉಪಕರಣ ಗುಲಾಮ. ಈ ಬಂಗಲೆಯ ಮಣ್ಣು ಅದಕ್ಕೇ ಸಾಕ್ಷಿ ನುಡಿಯಿತು: ಸಾರೋಟು, ಕುದುರೆ, ಮನುಷ್ಯ, ಮೂರಕ್ಕೂ ಒಂದೇ ಮೂಲೆ. ಆ ಗಿಡ್ಡ ಮಂಚದ ಕೂಸು? ರೋಮಿನ ಕಾನೂನಿನಲ್ಲಿ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ್ದೂ ಗುಲಾಮನೇ.

ಹುಟ್ಟೇ ಸಂಕೋಲೆ ಅಂದಕೂಡಲೇ ನಮಗೆ ನಮ್ಮ ಕೇರಿ ನೆನಪಾಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ಬಾಬಾಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ, ಅಸ್ಪೃಶ್ಯತೆಯೇ ಹೆಚ್ಚು ಕ್ರೂರ ಅಂದರು. ಧಣಿ ಕಾನೂನು ಪ್ರಕಾರ ಬಿಡುಗಡೆ ಕೊಟ್ಟರೆ ರೋಮಿನ ಗುಲಾಮ ಪೌರನಾಗಬಹುದಿತ್ತು. ಜಾತಿಗೆ ಅಂಥ ಬಾಗಿಲು ಯಾರಿಟ್ಟರು?

ಅದೇ ಬಂಗಲೆಯಲ್ಲಿ 2020ರಲ್ಲಿ ಎರಡು ದೇಹಗಳ ಅಚ್ಚು ತೆಗೆದರು. ಒಬ್ಬ 18ರಿಂದ 25ರ ಹುಡುಗ. ಅಷ್ಟು ಎಳೆಯ ಪ್ರಾಯಕ್ಕೇ ಬೆನ್ನೆಲುಬು ಜಜ್ಜಿಹೋಗಿತ್ತು. ಹೊರೆ ಹೊತ್ತ ಗುಲಾಮನಿರಬೇಕು ಅಂತ ವಿದ್ವಾಂಸರ ಊಹೆ.

ಅರಸರು ಕಲ್ಲಿನ ಮೇಲೆ ಶಾಸನ ಬರೆಸಿದರು. ದುಡಿದವರ ಶಾಸನ ಬೆನ್ನೆಲುಬಿನಲ್ಲಿದೆ, ಬೂದಿಯ ಪೊಳ್ಳಿನಲ್ಲಿದೆ. ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತ ನಾವು ಅದನ್ನೂ ಓದಬೇಕು.