ಶಿಖರಸೂರ್ಯ (ಕಾದಂಬರಿ)

‘ಶಿಖರಸೂರ್ಯ’ ಚಂದ್ರಶೇಖರ ಕಂಬಾರರ ಕನ್ನಡ ಕಾದಂಬರಿ. ಜನಪದ ಕಲ್ಪನೆಯ ಅದ್ಭುತಲೋಕವನ್ನು ಪ್ರೌಢ ಓದುಗರಿಗಾಗಿ ಕಟ್ಟಿದ ಕೃತಿ ಇದು.

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಕಂಬಾರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿದೆ. ‘ಕರಿಮಾಯಿ’ (1975) ಮೊದಲಾದ ಅವರ ಕೃತಿಗಳಲ್ಲಿ ಶಿವಪುರವೆಂಬ ಕಲ್ಪಿತ ಊರು ಮತ್ತೆ ಮತ್ತೆ ಬರುತ್ತದೆ. ಯಕ್ಷಿಗೆ ಮನಸೋತ ಚಂದಮುತ್ತನ ಕಥೆಯಾದ ‘ಚಕೋರಿ’ (1996) ಮಹಾಕಾವ್ಯದಲ್ಲಿ ಬರುವ ಚಿನ್ನಮುತ್ತನ ಮುಂದಿನ ಬದುಕೇ ಈ ಕಾದಂಬರಿಯ ವಸ್ತು.

ಕಥಾವಸ್ತು

ವೈದ್ಯವಿದ್ಯೆ ಬಲ್ಲ ನಾಯಕನು ಕನಕಪುರಿಯನ್ನು ಸೇರಿ, ಶಿಖರಸೂರ್ಯನೆಂಬ ಹೆಸರಿನಿಂದ ಅಧಿಕಾರಕ್ಕೇರುತ್ತಾನೆ. ಜನರನ್ನು ಕಾಯಬೇಕಾದ ವಿದ್ಯೆ ಚಿನ್ನದ ಆಸೆಗೆ ದುಡಿಯತೊಡಗುತ್ತದೆ. ನಿಸರ್ಗದೊಡನೆ ಬಾಳುವ ಶಿವಪುರ ಕನಕಪುರಿಗೆ ಎದುರಾಗಿ ನಿಲ್ಲುತ್ತದೆ.

ಓದು ಮತ್ತು ವಿಮರ್ಶೆ

ಕೃತಿಯನ್ನು ಜಾಗತೀಕರಣ ಕಾಲದ ದುರಾಸೆಯ ರೂಪಕವಾಗಿ ಓದಬಹುದು. ಆದರೆ ರೂಪಕವನ್ನು ಬಿಡಿಸಿ ಹೇಳುವುದರಿಂದಲೇ ಅದ್ಭುತಕಥೆಯ ವಿಮರ್ಶೆ ಪೂರ್ಣವಾಗದು. ಆ ಲೋಕದಲ್ಲಿ ವಿದ್ಯೆಗೆ ಯಾವ ಕಟ್ಟುಪಾಡುಗಳಿವೆ, ಅವನ್ನು ಮೀರಿದರೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ಗಮನಿಸಬೇಕಾಗುತ್ತದೆ. ಆಗ ಕಾದಂಬರಿಯ ಮೂಲಪ್ರಶ್ನೆ ಸ್ಪಷ್ಟವಾಗುತ್ತದೆ: ಎಲ್ಲವನ್ನೂ ಮಾಡಬಲ್ಲವನಿಗೆ, ಯಾವುದನ್ನು ಮಾಡಬಾರದೆಂಬ ತಿಳಿವಿಲ್ಲದಿದ್ದರೆ ಅವನ ವಿದ್ಯೆಯಿಂದ ಲೋಕಕ್ಕೇನು ಹಿತ?