ಆಸನವಿಲ್ಲದ ಹರಿಗೋಲು

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಆನೆಗೊಂದಿಯ ಕಡೆಗೆ ಜನರನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದೋಣಿಗಳ ವಿಚಾರ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ಜನ ಯಾವುದರ ಮೇಲೆ ಕೂರುತ್ತಿದ್ದರೆಂದು ಅವನು ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನೇ ಸಾಕ್ಷಿ ಮಾಡಲಾಗದು, ಸರಿ. ಆದರೆ ಆ ಎತ್ತು ಸಾಕ್ಷಿಯೇ. ಅಡ್ಡಹಲಗೆ ಬಡಿದ ಹರಿಗೋಲಿಗೆ ಎತ್ತು ಹತ್ತಲಾರದು. 1803ರ ಮರಾಠಾ ಯುದ್ಧದಲ್ಲಿ ನದಿ ದಾಟಲು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬುಟ್ಟಿದೋಣಿಗಳನ್ನೇ ಮಾಡಿಸಿದ. ಸೈನ್ಯಕ್ಕೂ ಬೇಕಾಗಿದ್ದದ್ದು ಸಾಮಾನು ಹೇರಲು ಬರಿದಾದ ತಳ. ಹರಿಗೋಲಿನಲ್ಲಿ ಆಸನವಿಲ್ಲದಿರುವುದು ಕೊರತೆಯಲ್ಲ, ಯೋಚಿಸಿ ಬಿಟ್ಟದ್ದು ಎಂಬುದು ನನ್ನ ವಾದ.

ಇದೇ ಜಾತಿಯ ದೋಣಿ ವೇಲ್ಸ್‌ನ ಟೈವಿ ನದಿಯಲ್ಲೂ ಇದೆ. ಅದರ ನಡುವೆ ಅಡ್ಡಲಾಗಿ ಹಲಗೆಯೊಂದಿದೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ಎರಡೂ ನಾಡಿನ ಬುಟ್ಟಿದೋಣಿಗಳನ್ನು ಅಭ್ಯಾಸ ಮಾಡಿದವನು. ಟೈವಿಯದು ಒಬ್ಬ ಬೆಸ್ತನ ದೋಣಿ. ಆ ಹಲಗೆ ಅವನಿಗೆ ಕೂರಲು ಆಗುತ್ತದೆ, ಎರಡು ಬದಿಗಳು ಒಳಕ್ಕೆ ಮುದುಡದಂತೆ ತಡೆಯುತ್ತದೆ, ಹೊಳೆಯಿಂದ ಮನೆಗೆ ದೋಣಿಯನ್ನು ಬೆನ್ನ ಮೇಲೆ ಹೊರುವಾಗ ಪಟ್ಟಿ ಕಟ್ಟಲೂ ಆಗುತ್ತದೆ. ಜನ ದಾಟಿಸುವ ನಮ್ಮ ಅಂಬಿಗನಿಗೆ ಇವುಗಳಲ್ಲಿ ಒಂದರ ಅಗತ್ಯವೂ ಇಲ್ಲ. ದಪ್ಪನೆಯ ದುಂಡು ಅಂಚೇ ಹರಿಗೋಲಿನ ಆಕಾರ ಹಿಡಿದಿಡುತ್ತದೆ.

ನಮ್ಮವರಿಗೆ ನೆಲದ ಮೇಲೆ ಕೂತು ರೂಢಿ, ಅದಕ್ಕೇ ಆಸನ ಹೊಳೆದಿಲ್ಲ ಎನ್ನಬಹುದು. ರೂಢಿಯ ಪಾಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನೆಲದ ಮೇಲೆ ಕೂತೇ ಉಣ್ಣುತ್ತಿದ್ದ ಕರಾವಳಿಯವರ ದೋಣಿಗಳಲ್ಲಿ ಅಡ್ಡಹಲಗೆಗಳಿವೆಯಲ್ಲ! ಉದ್ದನೆಯ ದೋಣಿಗೆ ಅವು ಬಲ ಕೊಡುತ್ತವೆ, ಹಾಗಾಗಿ ಇವೆ. ಬಡತನದ ಮಾತಂತೂ ನಿಲ್ಲುವುದೇ ಇಲ್ಲ. ಇಡೀ ದೋಣಿ ಹೆಣೆಯಬಲ್ಲವನಿಗೆ ಒಂದು ಹಲಗೆ ಹೆಚ್ಚೇ?

ಮಂಡಿ ಮಡಿಸಲಾರದ ಮುದುಕರಿಗೆ ಏನು ಗತಿ ಎಂಬ ಆಕ್ಷೇಪ ಮಾತ್ರ ತೂಕದ್ದು. ಮಡಚುವ ಆಸನ ಸುಲಭದ ಉತ್ತರದಂತೆ ತೋರುತ್ತದೆ: ಜನ ಬಂದಾಗ ಬಿಡಿಸು, ಮೂಟೆ ಬಂದಾಗ ಮಡಚಿಡು. ಮಾಡಹೊರಟರೆ ಹರಿಗೋಲೇ ತಕರಾರು ತೆಗೆಯುತ್ತದೆ. ನಾಲ್ಕು ಕಾಲಿನ ಮಡಚು ಸ್ಟೂಲ್ ಇಟ್ಟರೆ ಇಡೀ ಭಾರ ನಾಲ್ಕು ಚುಕ್ಕೆಗಳ ಮೇಲೆ ಬೀಳುತ್ತದೆ. ಅದರಡಿ ಇರುವುದು ಬಿದಿರ ದಬ್ಬೆಯ ಹೆಣಿಗೆ ಮತ್ತು ಒಂದು ತೆಳು ಹೊದಿಕೆ. ಅಂಚಿಗೆ ತೂಗುಹಾಕಿದರೆ ಕೂತವನ ತೂಕ ಬದಿಯನ್ನು ಒಳಕ್ಕೆ ಎಳೆಯುತ್ತದೆ. ಕುರ್ಚಿಯೆತ್ತರಕ್ಕೆ ಕೂರಿಸಿದರೆ ಭಾರ ಮೇಲೇರಿ, ಒಬ್ಬ ವಾಲಿದರೂ ದೋಣಿ ವಾಲುತ್ತದೆ. ಉಳಿಯುವ ದಾರಿ ಒಂದೇ: ಗೇಣುದ್ದಕ್ಕಿಂತ ಎತ್ತರವಿಲ್ಲದ, ಕಾಲುಗಳ ಬದಲು ಎರಡು ಅಗಲ ಪಟ್ಟಿಗಳ ಮೇಲೆ ನಿಲ್ಲುವ, ತಿರುಗಣಿ ಕೀಲಿನ ಹಲಗೆ. ಅಂದರೆ ಹಳೆಯ ಮಣೆಗೆ ಕೀಲು ಜೋಡಿಸಿದಂತಾಯಿತು. ಅದನ್ನೂ ಒಂದೇ ಬದಿಗಿಟ್ಟರೆ ಹರಿಗೋಲು ಓರೆಯಾಗುತ್ತದೆ. ಎದುರಿಗೆ ಅಷ್ಟೇ ತೂಕದ ಇನ್ನೊಬ್ಬರನ್ನು ಕೂರಿಸಬೇಕು.