ಮಾರ್ಷ್‌ಮ್ಯಾಲೋ ಪರೀಕ್ಷೆ

ಎಳೆಯ ಮಕ್ಕಳು ಆಸೆಯನ್ನು ಎಷ್ಟು ಹೊತ್ತು ಅದುಮಿಟ್ಟುಕೊಳ್ಳಬಲ್ಲರು ಎಂದು ತಿಳಿಯಲು ಅಮೆರಿಕದ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ (1930–2018) ರೂಪಿಸಿದ ಪ್ರಯೋಗ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಇದು ಆರಂಭವಾಯಿತು. ನಾಲ್ಕೈದು ವರ್ಷದ ಮಗುವಿನ ಮುಂದೆ ತಿಂಡಿ ಇಟ್ಟು ಪ್ರಯೋಗಕಾರರು ಹೊರಗೆ ಹೋಗುತ್ತಿದ್ದರು. ಅವರು ಬರುವವರೆಗೆ ಕಾದರೆ ಹೆಚ್ಚಿನ ತಿಂಡಿ. ತಡೆಯಲಾಗದೆ ಗಂಟೆ ಬಾರಿಸಿದರೆ ಕಡಿಮೆ. ಹೆಸರು ಮಾರ್ಷ್‌ಮ್ಯಾಲೋ ಎಂಬ ಮೆದು ಮಿಠಾಯಿಯದಾದರೂ ಬಿಸ್ಕತ್ತು, ಪ್ರೆಟ್ಜೆಲ್‌ಗಳನ್ನೂ ಬಳಸಿದ್ದುಂಟು.

ಮಕ್ಕಳು ಯಾವ ಉಪಾಯದಿಂದ ಕಾಯುತ್ತಾರೆ ಎಂಬುದು ಮಿಶೆಲ್ ಅವರ ಮೂಲ ಕುತೂಹಲವಾಗಿತ್ತು. ತಿಂಡಿ ಕಣ್ಣಿಗೆ ಬೀಳದಿದ್ದಾಗ ಅವರು ಹೆಚ್ಚು ಹೊತ್ತು ತಾಳುತ್ತಿದ್ದರು. ಖ್ಯಾತಿ ಬಂದದ್ದು ಮಾತ್ರ 1990ರ ಲೇಖನದಿಂದ: ಹೆಚ್ಚು ಕಾದ ಮಕ್ಕಳಿಗೆ ಮುಂದೆ ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿತ್ತು. ಪ್ರಯೋಗದಲ್ಲಿ ಪಾಲ್ಗೊಂಡಿದ್ದವರು 653 ಮಕ್ಕಳು. ಈ ನಂಟು ಎದ್ದು ಕಂಡದ್ದು ಅವರಲ್ಲಿ 35 ಮಂದಿಯ ಅಂಕಗಳಲ್ಲಿ. ಅವರೂ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಪರಿಸರದ ಮನೆಗಳವರೇ. ಮಾದರಿ ಚಿಕ್ಕದೆಂದು ಲೇಖಕರೇ ಎಚ್ಚರಿಸಿದ್ದರು. ಜನಪ್ರಿಯ ಪುಸ್ತಕಗಳು ಆ ಎಚ್ಚರಿಕೆಯನ್ನು ಕೈಬಿಟ್ಟು, ಕಾಯುವ ಮಗು ಗೆಲ್ಲುತ್ತದೆ ಎಂಬ ಮಾತನ್ನಷ್ಟೇ ಹರಡಿದವು.

2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಯನ ಪ್ರಶ್ನೆಯನ್ನೇ ತಿರುಗಿಸಿತು. ಮಕ್ಕಳಿಗೆ ಮೊದಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ಇನ್ನೂ ಚೆನ್ನಾದ ಸಾಮಗ್ರಿ ತರುವುದಾಗಿ ಸಂಶೋಧಕರು ಹೇಳಿಹೋದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಬಂದು ಕ್ಷಮೆ ಕೇಳಿದರು. ಆಮೇಲೆ ಮಾರ್ಷ್‌ಮ್ಯಾಲೋ ಇಟ್ಟಾಗ ಮೊದಲ ಗುಂಪು ಸರಾಸರಿ 12 ನಿಮಿಷ ಕಾಯಿತು, ಎರಡನೆಯದು 3 ನಿಮಿಷ. ಕೊಟ್ಟ ಮಾತು ಒಮ್ಮೆ ತಪ್ಪಿದವರನ್ನು ನಂಬದಿರುವುದು ಜಾಣತನವೇ ಹೊರತು ಚಾಪಲ್ಯವಲ್ಲ. ಇದೂ 28 ಮಕ್ಕಳ ಪ್ರಯೋಗವೇ ಎಂಬುದನ್ನು ಗಮನಿಸಬೇಕು.

ದೊಡ್ಡ ಪುನರಾವರ್ತನೆ ನಡೆದದ್ದು 2018ರಲ್ಲಿ. ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನಾನ್ ಕ್ವಾನ್ 918 ಮಕ್ಕಳ ಮಾಹಿತಿ ಪರಿಶೀಲಿಸಿದರು. 552 ಮಕ್ಕಳ ತಾಯಂದಿರಿಗೆ ಕಾಲೇಜು ಪದವಿ ಇರಲಿಲ್ಲ. ಈ ಮಕ್ಕಳಲ್ಲಿ ಕಾಯುವಿಕೆಗೂ 15ನೇ ವಯಸ್ಸಿನ ಕಲಿಕೆಗೂ ಇದ್ದ ನಂಟು ಮೂಲದಲ್ಲಿ ಕಂಡದ್ದರ ಅರ್ಧದಷ್ಟೇ. ಮನೆಯ ಪರಿಸ್ಥಿತಿ, ಎಳವೆಯ ಬುದ್ಧಿಶಕ್ತಿಗಳನ್ನು ಲೆಕ್ಕಕ್ಕೆ ಹಿಡಿದಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. ಇಲ್ಲಿ ಕಾಯಬೇಕಾದ ಗರಿಷ್ಠ ಅವಧಿ 7 ನಿಮಿಷ ಮಾತ್ರವಾದ್ದರಿಂದ ಇದು ತದ್ವತ್ ಪುನರಾವರ್ತನೆಯಲ್ಲ.

ಅಮೆರಿಕದ ಹೊರಗೂ ಚಿತ್ರ ಬದಲಾಯಿತು. ಜರ್ಮನಿಯ ಮಕ್ಕಳಿಗಿಂತ ಕ್ಯಾಮರೂನಿನ ನ್ಸೊ ಸಮುದಾಯದ ಮಕ್ಕಳು ಹೆಚ್ಚು ಕಾದರು. 2022ರ ಅಧ್ಯಯನವೊಂದರಲ್ಲಿ ತಿಂಡಿಗಾಗಿ ಜಪಾನಿನ ಮಕ್ಕಳು ಹೆಚ್ಚು ಹೊತ್ತು ಕಾದರೆ, ಕಾಗದ ಸುತ್ತಿದ ಉಡುಗೊರೆಗಾಗಿ ಅಮೆರಿಕದ ಮಕ್ಕಳು ಹೆಚ್ಚು ಹೊತ್ತು ಕಾದರು.